ಥೈರಾಯ್ಡ್ ಗಂಟಿಗೆ ಸೂಜಿ ಪರೀಕ್ಷೆ: ರಿಪೋರ್ಟ್ ಏನು ಹೇಳುತ್ತದೆ, ಏನು ಹೇಳಲಾರದು?

ಕುತ್ತಿಗೆಯಲ್ಲಿ ಗಂಟು ಕಾಣಿಸಿತು, ವೈದ್ಯರು ಸೂಜಿ ಪರೀಕ್ಷೆ ಬರೆದುಕೊಟ್ಟರು ಎಂದ ಕೂಡಲೇ ಮನೆಯವರ ಮೊಬೈಲ್‌ಗೆ ಸಲಹೆಗಳು ಬರತೊಡಗುತ್ತವೆ. ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ, ಮುಟ್ಟಿಸಲೇಬೇಡಿ ಎಂದು ಒಬ್ಬರು ಹೇಳುತ್ತಾರೆ. ರಿಪೋರ್ಟ್ ನಾರ್ಮಲ್ ಬಂದಿದೆಯಲ್ಲ, ಇನ್ನು ಆಸ್ಪತ್ರೆ ಕಡೆ ತಲೆ ಹಾಕಬೇಡಿ ಎಂದು ಇನ್ನೊಬ್ಬರು. ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಪರೀಕ್ಷೆಯನ್ನೇ ಮಾಡಿಸುವುದಿಲ್ಲ, ಎರಡನೆಯದನ್ನು ನಂಬಿದವರು ಬೆಳೆಯುತ್ತಿರುವ ಗಂಟನ್ನು ಕಂಡೂ ಸುಮ್ಮನಿರುತ್ತಾರೆ.

ಸೂಜಿ ಪರೀಕ್ಷೆ ಬಹಳ ಉಪಯುಕ್ತ. ಆದರೆ ಅದಕ್ಕೂ ಮಿತಿಗಳಿವೆ, ಮುಖ್ಯವಾಗಿ ವಿರಳ ಜಾತಿಯ ಗಡ್ಡೆಗಳ ವಿಷಯದಲ್ಲಿ. ಆ ಮಿತಿಗಳೇನು, ಅವು ಏಕೆ ಇವೆ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಕುಟುಂಬವೊಂದು ಇಂಥ ರಿಪೋರ್ಟ್ ಕೈಗೆ ಬಂದಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಮುಖ್ಯ ಅಂಶಗಳು

- ಥೈರಾಯ್ಡ್ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ.
- ಸೂಜಿ ಪರೀಕ್ಷೆಯ ಉತ್ತರ 'ಹೌದು' ಅಥವಾ 'ಅಲ್ಲ' ಎಂದಷ್ಟೇ ಇರುವುದಿಲ್ಲ. ಅದರಲ್ಲಿ ಆರು ವರ್ಗಗಳಿವೆ.
- ಕೆಲವು ವಿರಳ ಗಡ್ಡೆಗಳು ಸ್ಲೈಡ್‌ನಲ್ಲಿ ಬೇರೆ ಗಡ್ಡೆಗಳಂತೆಯೇ ಕಾಣುತ್ತವೆ. ಅವುಗಳಿಗೆ ಹೆಚ್ಚಿನ ಪರೀಕ್ಷೆ ಬೇಕು.
- ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟ್‌ನ ಫೋಟೊ ಸಾಲದು, ಗಾಜಿನ ಸ್ಲೈಡ್‌ಗಳನ್ನೂ ಒಯ್ಯಬೇಕು.

ಕುತ್ತಿಗೆಯ ಗಂಟು ಎಂದರೆ ಕ್ಯಾನ್ಸರ್ ಎಂದೇ?

ಅಲ್ಲ. ಥೈರಾಯ್ಡ್ ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳದ ಮೇಲೆ ಚಿಟ್ಟೆಯ ಆಕಾರದಲ್ಲಿ ಕುಳಿತಿರುವ ಗ್ರಂಥಿ. ಅದು ದೊಡ್ಡದಾದರೆ ಗಳಗಂಡ ಎನ್ನುತ್ತೇವೆ. ಅದರೊಳಗೆ ಒಂದೇ ಕಡೆ ಗಡ್ಡೆ ಕಟ್ಟಿದರೆ ಅದು ಗಂಟು. ನೂರು ಗಂಟುಗಳಲ್ಲಿ ಸುಮಾರು 85ರಿಂದ 95 ಕ್ಯಾನ್ಸರ್ ಆಗಿರುವುದಿಲ್ಲ. ಉಳಿದವುಗಳಲ್ಲಿಯೂ ಹೆಚ್ಚಿನವು ಪ್ಯಾಪಿಲ್ಲರಿ ಎಂಬ ಜಾತಿಯವು. ಅವು ನಿಧಾನವಾಗಿ ಬೆಳೆಯುತ್ತವೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತವೆ.

ಸಾಮಾನ್ಯವಾಗಿ ಮೊದಲು ರಕ್ತದಲ್ಲಿ ಟಿಎಸ್‌ಎಚ್ ನೋಡುತ್ತಾರೆ, ನಂತರ ಕುತ್ತಿಗೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುತ್ತಾರೆ. ಸ್ಕ್ಯಾನ್‌ನಲ್ಲಿ ಗಂಟಿನ ಗಾತ್ರ, ಅಂಚು, ಒಳಗಿರುವ ಸುಣ್ಣದ ಕಣಗಳು ಕಾಣುತ್ತವೆ. ಅವುಗಳನ್ನು ನೋಡಿ ಟೈ-ರಾಡ್ಸ್ ಎಂಬ ಅಂಕ ಕೊಡುತ್ತಾರೆ. ಎಲ್ಲ ಗಂಟಿಗೂ ಸೂಜಿ ಬೇಕಾಗುವುದಿಲ್ಲ. ಅನುಮಾನ ಮೂಡಿಸುವ ಗಂಟಿಗೆ ಮಾತ್ರ ಎಫ್‌ಎನ್‌ಎಸಿ ಎಂಬ ಸೂಜಿ ಪರೀಕ್ಷೆ ಬರೆಯುತ್ತಾರೆ.

ಸೂಜಿ ಪರೀಕ್ಷೆ ಹೇಗೆ ನಡೆಯುತ್ತದೆ?

ರಕ್ತ ತೆಗೆಯುವ ಸೂಜಿಗಿಂತ ದಪ್ಪವಿಲ್ಲದ ಸೂಜಿಯನ್ನು ಗಂಟಿನೊಳಗೆ ತೂರಿಸಿ ಎರಡು ಮೂರು ಬಾರಿ ಹಿಂದೆ ಮುಂದೆ ಆಡಿಸುತ್ತಾರೆ. ಕೆಲವೇ ಹನಿ ದ್ರವದ ಜೊತೆ ಜೀವಕೋಶಗಳು ಸೂಜಿಗೆ ಬರುತ್ತವೆ. ಅವುಗಳನ್ನು ಗಾಜಿನ ಸ್ಲೈಡ್ ಮೇಲೆ ಸವರಿ, ಕೆಲವು ಸ್ಲೈಡ್‌ಗಳನ್ನು ಗಾಳಿಯಲ್ಲಿ ಒಣಗಿಸುತ್ತಾರೆ, ಕೆಲವನ್ನು ಕೂಡಲೇ ಆಲ್ಕೋಹಾಲ್‌ನಲ್ಲಿ ಅದ್ದುತ್ತಾರೆ. ಆಮೇಲೆ ಬಣ್ಣ ಹಾಕಿ ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೆಲ್ಲ ಕೆಲವು ನಿಮಿಷಗಳ ಕೆಲಸ. ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಮುಂಚೆಯೇ ವೈದ್ಯರಿಗೆ ಹೇಳಬೇಕು, ಅಷ್ಟೆ.

ಸ್ಲೈಡ್ ಓದಲು ಯೋಗ್ಯವಾಗಬೇಕಾದರೆ ಅದರಲ್ಲಿ ಥೈರಾಯ್ಡ್ ಜೀವಕೋಶಗಳ ಕನಿಷ್ಠ 6 ಗುಂಪುಗಳಿರಬೇಕು, ಪ್ರತಿ ಗುಂಪಿನಲ್ಲಿ ಕನಿಷ್ಠ 10 ಕೋಶಗಳಿರಬೇಕು ಎಂಬುದು ಸಾಮಾನ್ಯ ನಿಯಮ. ಬರೀ ರಕ್ತವೇ ಬಂದರೆ, ಸವರುವುದು ದಪ್ಪವಾದರೆ, ಆಲ್ಕೋಹಾಲ್‌ಗೆ ಅದ್ದುವುದು ತಡವಾದರೆ ಎಷ್ಟೇ ಅನುಭವಿ ಪೆಥಾಲಜಿಸ್ಟ್ ಆದರೂ ಏನೂ ಹೇಳಲಾಗುವುದಿಲ್ಲ.

ರಿಪೋರ್ಟ್‌ನ ಆರು ವರ್ಗಗಳು

ಹಿಂದೆ ಒಂದೊಂದು ಲ್ಯಾಬ್ ಒಂದೊಂದು ರೀತಿಯಲ್ಲಿ ಬರೆಯುತ್ತಿತ್ತು. ಒಬ್ಬರ 'ಅನುಮಾನ' ಇನ್ನೊಬ್ಬರಿಗೆ 'ಸಾಮಾನ್ಯ' ಆಗುತ್ತಿತ್ತು. ಈ ಗೊಂದಲ ತಪ್ಪಿಸಲು 2007ರಲ್ಲಿ ಅಮೆರಿಕದ ಬೆಥೆಸ್ಡಾ ಎಂಬ ಊರಿನಲ್ಲಿ ತಜ್ಞರು ಸೇರಿ ಒಂದೇ ಭಾಷೆಯನ್ನು ರೂಪಿಸಿದರು. ಅದರ ಪುಸ್ತಕ 2010ರಲ್ಲಿ ಬಂತು, ಮೂರನೆಯ ಆವೃತ್ತಿ 2023ರಲ್ಲಿ. ನಿಮ್ಮ ರಿಪೋರ್ಟ್‌ನಲ್ಲಿ 'ಬೆಥೆಸ್ಡಾ' ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ಅದು ಇದೇ. 2023ರ ಆವೃತ್ತಿಯ ಪ್ರಕಾರ ಪ್ರತಿ ವರ್ಗದಲ್ಲೂ ಕ್ಯಾನ್ಸರ್ ಇರುವ ಸರಾಸರಿ ಸಾಧ್ಯತೆ ಹೀಗಿದೆ:

- ವರ್ಗ 1: ಸ್ಯಾಂಪಲ್ ಸಾಲದು. ಸುಮಾರು 13%. ಇದು 'ಏನೂ ಇಲ್ಲ' ಎಂದಲ್ಲ, 'ನೋಡಲಾಗಲಿಲ್ಲ' ಎಂದು.
- ವರ್ಗ 2: ಬಿನೈನ್, ಅಂದರೆ ಅಪಾಯವಿಲ್ಲದ್ದು. ಸುಮಾರು 4%.
- ವರ್ಗ 3: ಸ್ಪಷ್ಟವಿಲ್ಲ, ಸ್ವಲ್ಪ ಬದಲಾವಣೆ ಇದೆ. ಸುಮಾರು 22%.
- ವರ್ಗ 4: ಫಾಲಿಕ್ಯುಲರ್ ಗಡ್ಡೆ. ಸುಮಾರು 30%.
- ವರ್ಗ 5: ಕ್ಯಾನ್ಸರ್ ಎಂಬ ಬಲವಾದ ಅನುಮಾನ. ಸುಮಾರು 74%.
- ವರ್ಗ 6: ಕ್ಯಾನ್ಸರ್. ಸುಮಾರು 97%.

ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಎರಡು. ಎರಡನೆಯ ವರ್ಗದಲ್ಲಿಯೂ ಸಾಧ್ಯತೆ ಸೊನ್ನೆ ಅಲ್ಲ, ಆರನೆಯ ವರ್ಗದಲ್ಲಿಯೂ ಪೂರ್ತಿ ನೂರು ಅಲ್ಲ. ತಪ್ಪಿಹೋಗುವ ಆ ಕೆಲವರಲ್ಲಿ ವಿರಳ ಗಡ್ಡೆ ಇರುವವರೂ ಸೇರಿರುತ್ತಾರೆ.

ಚೀಲದ ಕಾಳು ಮತ್ತು ಚೀಲದ ತೂತು

ಗದಗದ ಎಪಿಎಂಸಿಗೆ ಹೆಸರುಕಾಳು ಒಯ್ದವರಿಗೆ ಇದು ಗೊತ್ತು. ಖರೀದಿದಾರರು ಚೀಲ ಬಿಚ್ಚದೆ, ಚೂಪಾದ ಕೊಳವೆಯೊಂದನ್ನು ಚುಚ್ಚಿ ಹಿಡಿ ಕಾಳು ತೆಗೆದು ನೋಡುತ್ತಾರೆ. ಕಾಳು ಹಸಿಯೇ, ಹುಳ ಬಿದ್ದಿದೆಯೇ ಎಂದು ಅಷ್ಟರಿಂದಲೇ ಹೇಳಬಹುದು. ಆದರೆ ಚೀಲದ ಮೂಲೆಯಲ್ಲಿ ತೂತು ಬಿದ್ದು ಕಾಳು ಹೊರಗೆ ಸೋರುತ್ತಿದೆಯೇ ಎಂಬುದನ್ನು ಕೈಯಲ್ಲಿರುವ ಕಾಳು ನೋಡಿ ಹೇಳಲಾಗದು. ಅದಕ್ಕೆ ಇಡೀ ಚೀಲವನ್ನು ಹೊರಳಿಸಿ ನೋಡಬೇಕು.

ಫಾಲಿಕ್ಯುಲರ್ ಗಡ್ಡೆಯ ಕಥೆಯೂ ಇದೇ. ಈ ಗಡ್ಡೆಯ ಸುತ್ತ ಒಂದು ಹೊದಿಕೆ ಇರುತ್ತದೆ. ಕೋಶಗಳು ಆ ಹೊದಿಕೆಯನ್ನು ಸೀಳಿ ಹೊರಬಂದಿದ್ದರೆ ಅಥವಾ ರಕ್ತನಾಳಕ್ಕೆ ನುಗ್ಗಿದ್ದರೆ ಅದು ಕ್ಯಾನ್ಸರ್. ಒಳಗೇ ಇದ್ದರೆ ಅಪಾಯವಿಲ್ಲದ ಗಡ್ಡೆ. ಎರಡರಲ್ಲಿಯೂ ಕೋಶಗಳು ನೋಡಲು ಒಂದೇ ತರ ಇರುತ್ತವೆ. ಸೂಜಿಗೆ ಸಿಗುವುದು ಕೋಶಗಳು ಮಾತ್ರ, ಹೊದಿಕೆ ಅಲ್ಲ. ಹಾಗಾಗಿ ನಾಲ್ಕನೆಯ ವರ್ಗ ಬಂದರೆ ಹಲವು ಬಾರಿ ಥೈರಾಯ್ಡಿನ ಆ ಅರ್ಧಭಾಗವನ್ನು ತೆಗೆದು, ಗಡ್ಡೆಯ ಹೊದಿಕೆಯನ್ನು ಸುತ್ತಲೂ ಪರೀಕ್ಷಿಸಿ ತೀರ್ಮಾನಕ್ಕೆ ಬರಬೇಕಾಗುತ್ತದೆ. 'ಸೂಜಿ ಪರೀಕ್ಷೆಯಲ್ಲಿ ಖಚಿತವಾಗಲಿಲ್ಲ, ಆಪರೇಷನ್ ಬೇಕು' ಎಂದು ವೈದ್ಯರು ಹೇಳಿದರೆ ಅದು ಹಣ ಕೀಳುವ ತಂತ್ರವೆಂದೋ ಲ್ಯಾಬ್‌ನ ತಪ್ಪೆಂದೋ ತಿಳಿಯಬೇಕಿಲ್ಲ. ಪರೀಕ್ಷೆಯ ಸ್ವಭಾವವೇ ಅಂಥದ್ದು.

ವೇಷ ಹಾಕುವ ವಿರಳ ಗಡ್ಡೆಗಳು

ವಿರಳ ಗಡ್ಡೆಗಳ ತೊಂದರೆ ಇನ್ನೊಂದು ಬಗೆಯದು. ಕಾಳು ಕಣ್ಣ ಮುಂದೆಯೇ ಇರುತ್ತದೆ, ಆದರೆ ಅದು ಬೇರೆ ಕಾಳಿನಂತೆ ಕಾಣುತ್ತದೆ. ಇವು ಅಪರೂಪವಾದ್ದರಿಂದ ಒಬ್ಬ ಪೆಥಾಲಜಿಸ್ಟ್‌ಗೆ ವರ್ಷಗಳಲ್ಲಿ ಒಮ್ಮೆ ಎದುರಾಗಬಹುದು.

*ಮೆಡುಲ್ಲರಿ ಕ್ಯಾನ್ಸರ್.* ಇದು ಥೈರಾಯ್ಡ್ ಹಾರ್ಮೋನ್ ತಯಾರಿಸುವ ಕೋಶಗಳಿಂದ ಹುಟ್ಟುವುದಿಲ್ಲ. ಕ್ಯಾಲ್ಸಿಟೋನಿನ್ ಎಂಬ ಬೇರೆ ಹಾರ್ಮೋನ್ ಮಾಡುವ 'ಸಿ' ಕೋಶಗಳಿಂದ ಹುಟ್ಟುತ್ತದೆ. ಸ್ಲೈಡ್‌ನಲ್ಲಿ ಇದರ ಕೋಶಗಳು ಒಮ್ಮೆ ಗುಂಡಗೆ, ಒಮ್ಮೆ ಕದಿರಿನಂತೆ ಉದ್ದಗೆ, ಒಮ್ಮೆ ಮೂಲೆ ಮೂಲೆಯಾಗಿ ಕಾಣುತ್ತವೆ. ಫಾಲಿಕ್ಯುಲರ್ ಗಡ್ಡೆಯೆಂದೋ ಬೇರೆ ಕ್ಯಾನ್ಸರ್ ಎಂದೋ ತಪ್ಪಾಗುವುದು ಸುಲಭ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಬರೀ ಸೂಜಿ ಪರೀಕ್ಷೆಯ ಸ್ಲೈಡ್ ನೋಡಿ ಸರಿಯಾಗಿ ಗುರುತಿಸಿದ್ದು ಮೆಡುಲ್ಲರಿ ಗಡ್ಡೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ.

ಇದನ್ನು ಗುರುತಿಸುವುದು ಏಕೆ ಅಷ್ಟು ಮುಖ್ಯ? ಇದಕ್ಕೆ ರೇಡಿಯೋ ಅಯೋಡಿನ್ ಚಿಕಿತ್ಸೆ ಕೆಲಸ ಮಾಡುವುದಿಲ್ಲ. ಮೊದಲ ಆಪರೇಷನ್ನೇ ಬೇರೆ ರೀತಿ ಇರಬೇಕು: ಇಡೀ ಥೈರಾಯ್ಡ್ ಜೊತೆಗೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕಾಗುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ರೆಟ್ ಎಂಬ ಜೀನ್‌ನ ದೋಷದಿಂದ ವಂಶವಾಗಿ ಬಂದಿರುತ್ತದೆ. ಅಂಥವರಲ್ಲಿ ಕೆಲವರಿಗೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೂ ಗಡ್ಡೆ ಇರಬಹುದು. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ಆಪರೇಷನ್ ಟೇಬಲ್ ಮೇಲೆಯೇ ರಕ್ತದೊತ್ತಡ ವಿಪರೀತ ಏರಿ ಜೀವಕ್ಕೆ ಅಪಾಯವಾಗಬಹುದು.

ವಂಶದ ಮಾತು ಬಂದಾಗ ನಮ್ಮಲ್ಲಿ 'ಸಂಬಂಧದಲ್ಲಿ ಮದುವೆಯಾಗಿಲ್ಲ, ನಮಗೇಕೆ' ಎನ್ನುವವರಿದ್ದಾರೆ. ಈ ಕಾಯಿಲೆಗೆ ಆ ಲೆಕ್ಕ ನಡೆಯುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಲ್ಲಿ ದೋಷ ಇದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಒಬ್ಬರಲ್ಲಿ ರೆಟ್ ದೋಷ ಪತ್ತೆಯಾದರೆ ಅಣ್ಣ, ತಂಗಿ, ಮಕ್ಕಳಿಗೆ ರಕ್ತಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಹುಟ್ಟುವ ಮೊದಲೇ ತಡೆಯಲು ಸಾಧ್ಯವಿದೆ. ಒಂದು ಸ್ಲೈಡ್‌ನ ಸರಿಯಾದ ಓದು ಒಂದು ಮನೆತನವನ್ನು ಕಾಯಬಲ್ಲದು.

*ಹಯಲಿನೈಸಿಂಗ್ ಟ್ರಬೆಕ್ಯುಲರ್ ಗಡ್ಡೆ.* ಹೆಸರು ಉದ್ದ, ಅಪಾಯ ಬಹಳ ಕಡಿಮೆ. ಇಲ್ಲಿ ತಪ್ಪು ತಿರುಗುಮುರುಗಾಗುತ್ತದೆ. ಇದರ ಕೋಶಕೇಂದ್ರಗಳಲ್ಲಿ ಪ್ಯಾಪಿಲ್ಲರಿ ಕ್ಯಾನ್ಸರಿನಲ್ಲಿ ಇರುವಂಥದೇ ಗೀರುಗಳು, ಗುಳಿಗಳು ಇರುತ್ತವೆ. ಹಾಗಾಗಿ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಎಂದು ಬರುವುದುಂಟು, ಬೇಕಿದ್ದಕ್ಕಿಂತ ದೊಡ್ಡ ಆಪರೇಷನ್ ಆಗುವುದುಂಟು.

*ಥೈರಾಯ್ಡಿನ ಲಿಂಫೋಮಾ.* ಬಹಳ ವರ್ಷಗಳಿಂದ ಹಾಶಿಮೊಟೊ ಎಂಬ ಥೈರಾಯ್ಡ್ ಉರಿಯೂತ ಇರುವವರಲ್ಲಿ, ಹೆಚ್ಚಾಗಿ ವಯಸ್ಸಾದ ಮಹಿಳೆಯರಲ್ಲಿ ಬರುತ್ತದೆ. ಎರಡರಲ್ಲಿಯೂ ಸ್ಲೈಡ್ ತುಂಬ ಬಿಳಿ ರಕ್ತಕಣಗಳೇ ತುಂಬಿರುತ್ತವೆ. ಹಳೆಯ ಉರಿಯೂತವೇ ಎಂದು ತಿಳಿದರೆ ಅಮೂಲ್ಯ ವಾರಗಳು ಹೋಗುತ್ತವೆ. ಇದಕ್ಕೆ ಮುಖ್ಯ ಚಿಕಿತ್ಸೆ ಔಷಧಿ ಮತ್ತು ವಿಕಿರಣ, ಥೈರಾಯ್ಡ್ ತೆಗೆಯುವುದಲ್ಲ.

*ಅನಾಪ್ಲಾಸ್ಟಿಕ್ ಕ್ಯಾನ್ಸರ್.* ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅತ್ಯಂತ ವೇಗದ್ದು. ವಾರಗಳಲ್ಲಿ ಗಂಟು ಎರಡರಷ್ಟಾಗಬಹುದು. ಗಡ್ಡೆಯ ನಡುಭಾಗ ಸತ್ತಿರುವುದರಿಂದ ಸೂಜಿಗೆ ಬರೀ ಕೀವಿನಂಥ ವಸ್ತು ಬರಬಹುದು. ರಿಪೋರ್ಟ್ 'ಸ್ಯಾಂಪಲ್ ಸಾಲದು' ಎಂದಿರಬಹುದು ಅಥವಾ ಸೋಂಕಿನಂತೆ ತೋರಬಹುದು. ಇಂಥ ಕಡೆ ಗಂಟಿನ ವೇಗವೇ ರಿಪೋರ್ಟ್‌ಗಿಂತ ದೊಡ್ಡ ಸಾಕ್ಷಿ.

*ಬೇರೆಡೆಯಿಂದ ಬಂದವು ಮತ್ತು ನೆರೆಮನೆಯವು.* ಮೂತ್ರಪಿಂಡದ ಕ್ಯಾನ್ಸರ್ ಆಪರೇಷನ್ ಆಗಿ ಹಲವು ವರ್ಷ ಕಳೆದ ಮೇಲೂ ಥೈರಾಯ್ಡಿನಲ್ಲಿ ತಲೆಯೆತ್ತಬಹುದು. ಹಳೆಯ ಆಪರೇಷನ್ ವಿಷಯ ತಿಳಿಸದಿದ್ದರೆ ಪೆಥಾಲಜಿಸ್ಟ್‌ಗೆ ಅದು ಹೊಳೆಯುವುದು ಕಷ್ಟ. ಥೈರಾಯ್ಡಿನ ಹಿಂದೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಗ್ರಂಥಿಗೆ ಸೂಜಿ ಹೋದರೆ ಅದು ಫಾಲಿಕ್ಯುಲರ್ ಗಡ್ಡೆಯಂತೆ ಕಾಣುತ್ತದೆ. ಪದೇ ಪದೇ ಮೂತ್ರಪಿಂಡದ ಕಲ್ಲು, ಮೂಳೆನೋವು, ರಕ್ತದಲ್ಲಿ ಹೆಚ್ಚು ಕ್ಯಾಲ್ಸಿಯಂ ಇದ್ದವರಲ್ಲಿ ಈ ಸಾಧ್ಯತೆ ನೆನಪಿರಬೇಕು.

ಅನುಮಾನ ಬಂದರೆ ಮುಂದೇನು?

ವೇಷ ಕಳಚುವ ಪರೀಕ್ಷೆಗಳಿವೆ.

- ಮತ್ತೊಮ್ಮೆ ಸೂಜಿ: ಮೊದಲ ವರ್ಗ ಬಂದವರಿಗೆ ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕಿದರೆ ಹೆಚ್ಚಿನವರಲ್ಲಿ ಎರಡನೆಯ ಸಲ ಸ್ಯಾಂಪಲ್ ಸಾಕಷ್ಟು ಸಿಗುತ್ತದೆ.
- ಸೆಲ್ ಬ್ಲಾಕ್: ಸೂಜಿಗೆ ಬಂದ ಕೋಶಗಳನ್ನು ಒಟ್ಟುಮಾಡಿ ಮೇಣದ ಅಚ್ಚಿನಲ್ಲಿ ಕೂರಿಸಿ, ತೆಳುವಾಗಿ ಕತ್ತರಿಸಿ ವಿಶೇಷ ಬಣ್ಣಗಳನ್ನು ಹಾಕುತ್ತಾರೆ. ಕ್ಯಾಲ್ಸಿಟೋನಿನ್‌ನ ಬಣ್ಣ ಹಿಡಿದರೆ ಅದು ಮೆಡುಲ್ಲರಿ ಎಂದು ತಿಳಿಯುತ್ತದೆ.
- ರಕ್ತದಲ್ಲಿ ಕ್ಯಾಲ್ಸಿಟೋನಿನ್ ಮತ್ತು ಸಿಇಎ: ಮೆಡುಲ್ಲರಿ ಅನುಮಾನವಿದ್ದರೆ ಆಪರೇಷನ್‌ಗೆ ಮೊದಲೇ ಆಗಬೇಕು.
- ಸೂಜಿ ತೊಳೆದ ನೀರಿನ ಪರೀಕ್ಷೆ: ಸೂಜಿಯಲ್ಲಿ ಉಳಿದದ್ದನ್ನು ಲವಣದ್ರವದಲ್ಲಿ ತೊಳೆದು ಅದರಲ್ಲಿ ಕ್ಯಾಲ್ಸಿಟೋನಿನ್ ಅಥವಾ ಪ್ಯಾರಾಥೈರಾಯ್ಡ್ ಹಾರ್ಮೋನ್ ಅಳೆಯುತ್ತಾರೆ.
- ದಪ್ಪ ಸೂಜಿಯ ಬಯಾಪ್ಸಿ: ಲಿಂಫೋಮಾ, ಅನಾಪ್ಲಾಸ್ಟಿಕ್ ಅನುಮಾನವಿದ್ದಾಗ ಬಿಡಿ ಕೋಶಗಳ ಬದಲು ಅಂಗಾಂಶದ ಸಣ್ಣ ಎಳೆಯನ್ನೇ ತೆಗೆಯುತ್ತಾರೆ.

ಇವೆಲ್ಲ ಎಲ್ಲರಿಗೂ ಬೇಕಾಗುವುದಿಲ್ಲ. ಸ್ಲೈಡ್, ಸ್ಕ್ಯಾನ್ ಮತ್ತು ರೋಗಿಯ ಲಕ್ಷಣ ಒಂದಕ್ಕೊಂದು ಹೊಂದದಿದ್ದಾಗ ಬೇಕಾಗುತ್ತವೆ.

ನಮ್ಮ ಕಡೆಯವರು ಏನು ಮಾಡಬೇಕು?

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿದ ಮೇಲೆ ಗದಗದ ಜಿಮ್ಸ್‌ಗೆ, ಅಲ್ಲಿಂದ ಬೇಕಾದರೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಅಥವಾ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕೊನೆಗೆ ಬೆಂಗಳೂರಿನ ಕಿದ್ವಾಯಿಗೆ ಹೋಗುವವರು ಅನೇಕರು. ಪ್ರತಿ ಹಂತದಲ್ಲಿಯೂ ವೈದ್ಯರು ಬದಲಾಗುತ್ತಾರೆ. ಹಿಂದಿನ ಮಾಹಿತಿ ಜೊತೆಗೆ ಬರದಿದ್ದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಅದಕ್ಕಾಗಿ:

1. ಸ್ಲೈಡ್ ಕೇಳಿ ಪಡೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಿದ ರಿಪೋರ್ಟ್‌ನ ಫೋಟೊ ನೋಡಿ ಇನ್ನೊಬ್ಬ ಪೆಥಾಲಜಿಸ್ಟ್ ಅಭಿಪ್ರಾಯ ಕೊಡಲಾರರು. ಅವರಿಗೆ ಗಾಜಿನ ಸ್ಲೈಡೇ ಬೇಕು, ಸೆಲ್ ಬ್ಲಾಕ್ ಇದ್ದರೆ ಅದೂ ಬೇಕು. ಲ್ಯಾಬ್‌ನಲ್ಲಿ ಎರಡನೆಯ ಅಭಿಪ್ರಾಯಕ್ಕೆ ಎಂದು ಕೇಳಿದರೆ ಕೊಡುತ್ತಾರೆ. ಒಡೆಯದಂತೆ ಡಬ್ಬಿಯಲ್ಲಿಟ್ಟು ಒಯ್ಯಿರಿ, ಬಿಸಿಲಿಗೆ ಇಡಬೇಡಿ.
2. ಸ್ಕ್ಯಾನ್ ರಿಪೋರ್ಟ್ ಜೊತೆಗಿರಲಿ. ಯಾವ ಗಂಟಿಗೆ ಸೂಜಿ ಹಾಕಿದ್ದು ಎಂದು ಅದರಿಂದಲೇ ತಿಳಿಯುತ್ತದೆ.
3. ಹಳೆಯದನ್ನು ಮುಚ್ಚಿಡಬೇಡಿ. ಹಿಂದಿನ ಕ್ಯಾನ್ಸರ್, ಆಪರೇಷನ್, ಚಿಕ್ಕಂದಿನಲ್ಲಿ ಕುತ್ತಿಗೆಗೆ ಕೊಟ್ಟ ವಿಕಿರಣ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಅಥವಾ ಚಿಕ್ಕ ವಯಸ್ಸಿನಲ್ಲೇ ವಿಪರೀತ ಬಿಪಿ ಇದ್ದರೆ ಹೇಳಿ.
4. ಎರಡು ಪ್ರಶ್ನೆ ಕೇಳಿ. ಇದು ಬೆಥೆಸ್ಡಾ ಎಷ್ಟನೆಯ ವರ್ಗ? ಮತ್ತೆ ಯಾವಾಗ ತೋರಿಸಬೇಕು?
5. ಯೋಜನೆಯ ನೆರವು ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ದೊಡ್ಡ ಆಸ್ಪತ್ರೆಗೆ ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿಯ ಬಗ್ಗೆ ಕೇಳಿಕೊಳ್ಳಿ.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು: ಎಷ್ಟು ನಿಜ?

ಮಾತು: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ.
ಸೂಜಿ ಹೋದ ದಾರಿಯಲ್ಲಿ ಕೋಶಗಳು ಬೆಳೆಯುವುದು ತೀರಾ ವಿರಳ. ಜಪಾನಿನಲ್ಲಿ ಪ್ಯಾಪಿಲ್ಲರಿ ಕ್ಯಾನ್ಸರ್ ರೋಗಿಗಳ ಬಗ್ಗೆ 2005ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಇದು ಕಂಡದ್ದು 0.14% ಜನರಲ್ಲಿ. ಪರೀಕ್ಷೆ ಮಾಡಿಸದೆ ಕಾಯುವ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು.

ಮಾತು: ಟಿ3, ಟಿ4, ಟಿಎಸ್‌ಎಚ್ ನಾರ್ಮಲ್ ಇದ್ದರೆ ಗಂಟು ಕ್ಯಾನ್ಸರ್ ಅಲ್ಲ.
ತಪ್ಪು. ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರಲ್ಲಿ ಈ ರಕ್ತಪರೀಕ್ಷೆ ನಾರ್ಮಲ್ ಆಗಿಯೇ ಇರುತ್ತದೆ. ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅದು ಹೇಳುತ್ತದೆ, ಗಂಟು ಎಂಥದ್ದು ಎಂದಲ್ಲ.

ಮಾತು: ಅಯೋಡಿನ್ ಉಪ್ಪು ತಿಂದರೆ ಗಂಟು ಕರಗುತ್ತದೆ.
ಅಯೋಡಿನ್ ಉಪ್ಪು ಕೊರತೆಯಿಂದ ಬರುವ ಗಳಗಂಡವನ್ನು ತಡೆಯುತ್ತದೆ. ಆಗಲೇ ಕಟ್ಟಿರುವ ಗಂಟನ್ನು ಅದಾಗಲಿ, ಕುತ್ತಿಗೆಗೆ ಹಚ್ಚುವ ಲೇಪವಾಗಲಿ ಕರಗಿಸುವುದಿಲ್ಲ.

ಮಾತು: ಎರಡು ಲ್ಯಾಬ್‌ನ ರಿಪೋರ್ಟ್ ಬೇರೆ ಬೇರೆ ಬಂದರೆ ಒಬ್ಬರು ಮೋಸ ಮಾಡಿದ್ದಾರೆ.
ಹಾಗೇನಿಲ್ಲ. ಸೂಜಿ ಗಂಟಿನ ಬೇರೆ ಬೇರೆ ಜಾಗಕ್ಕೆ ಹೋಗಿರಬಹುದು. ಒಂದೇ ಸ್ಲೈಡ್ ನೋಡಿದರೂ ಮೂರು, ನಾಲ್ಕನೆಯ ವರ್ಗಗಳಲ್ಲಿ ತಜ್ಞರ ನಡುವೆ ಅಭಿಪ್ರಾಯ ಭೇದ ಸಾಮಾನ್ಯ. ಆಗ ಎರಡೂ ಕಡೆಯ ಸ್ಲೈಡ್‌ಗಳನ್ನು ಒಟ್ಟಿಗೆ ಮೂರನೆಯವರಿಗೆ ತೋರಿಸುವುದು ಸರಿಯಾದ ದಾರಿ.

ರಿಪೋರ್ಟ್ ಏನೇ ಇರಲಿ, ಇವು ಕಂಡರೆ ತಡಮಾಡಬೇಡಿ

- ಗಂಟು ಕೆಲವೇ ವಾರಗಳಲ್ಲಿ ದೊಡ್ಡದಾಗುವುದು
- ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿರುವುದು
- ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು
- ಗಂಟು ಕಲ್ಲಿನಂತೆ ಗಟ್ಟಿಯಾಗಿ, ಅಲುಗಾಡದೆ ಅಂಟಿಕೊಂಡಿರುವುದು
- ಕುತ್ತಿಗೆಯ ಪಕ್ಕದಲ್ಲಿ ಹೊಸ ಗಂಟುಗಳು
- ಗಂಟಿನ ಜೊತೆಗೆ ಕಾರಣ ತಿಳಿಯದ ಭೇದಿ, ಮುಖ ಕೆಂಪಾಗುವುದು

ಕೊನೆಯ ಲಕ್ಷಣ ಮೆಡುಲ್ಲರಿ ಕ್ಯಾನ್ಸರಿನಲ್ಲಿ ಕಾಣಬಹುದು. ಹೊಟ್ಟೆಯ ಕಾಯಿಲೆಯೆಂದು ಬೇರೆಯೇ ವೈದ್ಯರಲ್ಲಿ ತೋರಿಸುತ್ತಿರುವವರು ಕುತ್ತಿಗೆಯ ಗಂಟಿನ ವಿಷಯ ಹೇಳುವುದೇ ಇಲ್ಲ.

ಕೊನೆಗೆ

ರಿಪೋರ್ಟ್ ನಾರ್ಮಲ್ ಬಂದು ಗಂಟು ಹಾಗೆಯೇ ಇದ್ದರೆ ನಿಶ್ಚಿಂತೆಯಿಂದಿರಿ, ವೈದ್ಯರು ಹೇಳಿದ ದಿನಕ್ಕೆ ಸ್ಕ್ಯಾನ್ ಮಾಡಿಸಿ. ರಿಪೋರ್ಟ್ ನಾರ್ಮಲ್ ಬಂದೂ ಗಂಟು ಬೆಳೆಯುತ್ತಿದ್ದರೆ ಗಂಟನ್ನು ನಂಬಿ, ಮತ್ತೆ ತೋರಿಸಿ. ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಎಂದು ಬಂದರೂ ಅದು ಯಾವ ಜಾತಿಯದು ಎಂದು ಖಚಿತವಾದ ಮೇಲೆಯೇ ಆಪರೇಷನ್‌ಗೆ ಒಪ್ಪಿಗೆ ಕೊಡಿ.

ಮನೆಯ ಗ್ರೂಪ್‌ನಲ್ಲಿ ಯಾರಾದರೂ 'ಸೂಜಿ ಹಾಕಿಸಬೇಡಿ' ಎಂಬ ಸಂದೇಶ ಕಳಿಸಿದರೆ ಅದರ ಕೆಳಗೆ ಇದನ್ನು ಹಂಚಿಕೊಳ್ಳಿ.

*ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಗಂಟಿನ ಬಗ್ಗೆ ತೀರ್ಮಾನ ನಿಮ್ಮನ್ನು ಪರೀಕ್ಷಿಸಿದ ವೈದ್ಯರದೇ ಆಗಿರಲಿ.*